ತಾರಾಬಾಯಿಯ ಕಟ್ಟಿಗೆ

ಕಟ್ಟಿಗೆ ಸೀಳುವುದು ತಾಕತ್ತಿನ ಕೆಲಸ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ತಾಕತ್ತು ಎತ್ತಿಗೂ ಇದೆ. ಹಾಗಾದರೆ ಎತ್ತಿಗೇ ಕೊಡಲಿ ಕೊಡಿ, ನೋಡೋಣ. ಮೊದಲು ಕೊರಡನ್ನು ನೋಡಬೇಕು. ಒಣಗಿದ ಬಿರುಕು ಯಾವ ಕಡೆ ಓಡಿದೆ, ಗಂಟು ಎಲ್ಲಿ ಕೂತಿದೆ, ಎಳೆ ನೆಟ್ಟಗಿದೆಯೋ ಹುರಿ ತಿರುಗಿದೆಯೋ ಎಂದು ನೋಡಿಕೊಂಡು ಆಮೇಲೆ ಕೈ ಎತ್ತಬೇಕು. ಬೇವಿಗೆ ಒಂದೇ ಏಟು ಸಾಕು. ಹುಣಸೆ ಬಲು ಹಟಮಾರಿ, ಇಲ್ಲಿ ಹೊಡೆದರೆ ಇನ್ನೆಲ್ಲೋ ಬಾಯಿ ಬಿಡುತ್ತದೆ. ಮರ ಕಡಿಯಲು ತೆಳುಬಾಯಿಯ ಕೊಡಲಿ ಬೇಕು, ಸೀಳಲು ದಪ್ಪ ಬಾಯಿಯದು. ತೆಳು ಕೊಡಲಿಯಿಂದ ಸೀಳಲು ಹೋದವನು ಅದನ್ನು ಕೊರಡಿನಲ್ಲಿ ಸಿಕ್ಕಿಸಿಕೊಂಡು, ಬಿಡಿಸಲು ಹೋಗಿ ಕಾವು ಮುರಿದುಕೊಂಡು, ಕಡೆಗೆ ಕಟ್ಟಿಗೆಯನ್ನೇ ಬೈಯುತ್ತ ಕೂಡುತ್ತಾನೆ. ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ.

ನಾನು ಸಿದರಾಯ. ಕಾಗವಾಡದ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಕಟ್ಟಿಗೆ ಸೀಳಿದವನು. ಈ ಕೆಲಸದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಸೊಕ್ಕು ನನಗಿತ್ತು. ಒಬ್ಬಳೇ ಒಬ್ಬಳು ಹೇಳಿದಳು, ತಾರಾಬಾಯಿ.

ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ನನ್ನನ್ನು ಹೆತ್ತವಳು ತಾರಾಬಾಯಿಯ ಮನೆಯವರ ಕಬ್ಬಿನ ಹೊಲದಲ್ಲಿ ಹಾವು ಕಚ್ಚಿ ಸತ್ತಾಗ ನನಗೆ ಆರು ವರ್ಷ. ಅವತ್ತಿನಿಂದ ಆ ಜೈನರ ಮನೆಯ ಹಿತ್ತಲ ಕಟ್ಟೆಯೇ ನನ್ನ ಊಟದ ಜಾಗವಾಯಿತು. ಹೊತ್ತು ಮುಳುಗುವ ಮೊದಲೇ ಅವರ ಮನೆಯಲ್ಲಿ ಊಟ ಮುಗಿಯಬೇಕು. ನಾನು ಎಲ್ಲಿಯೋ ಆಡುತ್ತ ಉಳಿದರೆ ಆಯಿ ಓಣಿಯ ತುದಿಗೆ ಬಂದು ಒದರುತ್ತಿದ್ದಳು: "ಲೇ ಸಿದ್ಯಾ, ಹೊತ್ತ ಮುಣಗಾಕತೈತಿ! ಬರತೀಯೋ, ಉಪಾಸ ಬೀಳತೀಯೋ?" ಅವಳ ಮಗ ನೇಮಿನಾಥ ನನಗಿಂತ ಎರಡು ವರ್ಷ ದೊಡ್ಡವ. ನಾನು ಅವನಿಗೆ ದಾದಾ ಎನ್ನುತ್ತಿದ್ದೆ. ಇಬ್ಬರಿಗೂ ಒಂದೇ ಕೈಯ ಊಟ, ಒಂದೇ ಕೈಯ ಏಟು.

ಆಯಿ ಕಟ್ಟಿಗೆಯನ್ನು ಹಾಗೇ ಒಲೆಗೆ ಇಟ್ಟವಳಲ್ಲ. ಒಂದೊಂದನ್ನೂ ನೆಲಕ್ಕೆ ಮೆಲ್ಲಗೆ ಕುಟ್ಟಿ, ಇರುವೆ ಗಿರುವೆ ಇದ್ದರೆ ಇಳಿದು ಹೋಗಲೆಂದು ಕಾದು, ಸೆರಗಿನಿಂದ ಒರೆಸಿ ಇಡುತ್ತಿದ್ದಳು. ಸಣ್ಣ ತೂತು ಕಂಡರೂ ಸಾಕು, ಆ ತುಂಡು ಬೇಲಿಯ ಬುಡಕ್ಕೆ. ನನಗೆ ಸಿಟ್ಟು ಬರುತ್ತಿತ್ತು. ಬೆವರು ಸುರಿಸಿ ಸೀಳಿದವನು ನಾನಲ್ಲವೇ?

"ಆಯಿ, ಈ ಹುಳುಗೋಳ ಸಲುವಾಗಿ ಒಂದ ಧರ್ಮಶಾಲೆನ ಕಟ್ಟಿಸಿಬಿಡ್ರಿ," ಎನ್ನುತ್ತಿದ್ದೆ.

"ಕಟ್ಟಸ್ತೀನಿ. ನಿನ್ನ ಅದರ ಮ್ಯಾನೇಜರ ಮಾಡತೀನಿ, ಸುಮ್ಮನ ಸೀಳ," ಎನ್ನುತ್ತಿದ್ದಳು.

ಎಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಅವಳ ಗಂಟಲಲ್ಲಿ ಗಡ್ಡೆ ಎದ್ದಿತು. ಮಿರಜಿಗೆ ಒಯ್ದರು, ತಿಂಗಳು ಇಟ್ಟುಕೊಂಡರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು. ಮನೆಗೆ ಬಂದ ಮೂರನೇ ದಿನ ಆಯಿ ಸಲ್ಲೇಖನ ಹಿಡಿಯುತ್ತೇನೆ ಎಂದಳು. ಅಂದರೆ ಅನ್ನ, ಹಾಲು, ಮಜ್ಜಿಗೆ ಒಂದೊಂದಾಗಿ ಬಿಡುತ್ತ ಹೋಗಿ, ಕಡೆಗೆ ನೀರನ್ನೂ ಬಿಟ್ಟು, ಎಲ್ಲರ ಹತ್ತಿರ ಕ್ಷಮೆ ಕೇಳಿ, ಎಚ್ಚರದಲ್ಲಿ ಮಂತ್ರ ಕೇಳುತ್ತ ಸಾವನ್ನು ಎದುರುಗೊಳ್ಳುವುದು. ಅದಕ್ಕೆ ಮನೆಯವರ ಒಪ್ಪಿಗೆ ಬೇಕು. ನೇಮಿನಾಥ ಎರಡು ದಿನ ಗೋಡೆಗೆ ಮುಖ ಮಾಡಿ ಕೂತು, ಮೂರನೇ ದಿನ ಹೂಂ ಅಂದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಲು ನಾನು ಯಾರು?

ಜೂನ್ ಮೊದಲ ವಾರದಲ್ಲಿ ಅವಳು ನೀರೊಂದರ ಮೇಲಿದ್ದಳು. ಕಾಯಿಸಿ ಆರಿಸಿದ ನೀರು, ದಿನಕ್ಕೊಮ್ಮೆ ಮಧ್ಯಾಹ್ನ, ನೇಮಿನಾಥ ಚಮಚೆಯಿಂದ ಕುಡಿಸುತ್ತಿದ್ದ. ಆಗ ನನಗೆ ಹೇಳಿಕಳಿಸಿದಳು. ಹೋದೆ. ಬಸದಿಯ ಉಪಾಧ್ಯೆಯವರು ಮಂಚದ ಹತ್ತಿರ ಕೂತಿದ್ದರು, ನೇಮಿನಾಥ ಬಾಗಿಲಿಗೆ ಒರಗಿ ನಿಂತಿದ್ದ. ಆಯಿಯ ದನಿ ಬಹಳ ಸಣ್ಣದಾಗಿತ್ತು, ಬಗ್ಗಿ ಕೇಳಬೇಕಾಯಿತು.

"ಸಿದ್ಯಾ, ನನ್ನ ಸುಡಾಕ ಕಟಗಿ ನೀನ ಸೀಳಬೇಕು. ಬಾವಿ ಒಡ್ಡಿನ ಜಾಲಿ ಕೊರಡ ಅದಾವಲ್ಲ, ಹನ್ನೊಂದ, ಅವು. ಅದರಾಗ ಸ್ವಚ್ಛ ಇದ್ದವು ಮೂರ ನಾಕ ಸಿಕ್ಕರ ಸಾಕು. ನನ್ನ ಕೂಡ ಒಂದ ಜೀವಾನೂ ಸುಡಬಾರದು."

ಬದುಕಿದ್ದವರ ಎದುರಿಗೆ ಅವರ ಸುಡುಗಾಡಿನ ಕಟ್ಟಿಗೆಯ ಮಾತು! ಸುಮ್ಮನೆ ತಲೆ ಆಡಿಸಿದೆ.

"ಕೊಡ್ಲಿ ಮುಟ್ಟಬ್ಯಾಡ," ಎಂದಳು. "ಕೊಡ್ಲಿಗೆ ಕಣ್ಣಿಲ್ಲ. ಒಳಗ ಹುಳ ಇದ್ದರ ಕತ್ತರಿಸಿ ಹಾಕತೈತಿ. ಬೆಣೆ ಬಡದ ಬಿಚ್ಚ. ಸಾವಕಾಶ ಬಿಚ್ಚಬೇಕು, ಬಿಚ್ಚಿ ನೋಡಬೇಕು. ಹುಳ ಕಂಡರ ಆ ಕೊರಡ ಹಂಗ ಮುಚ್ಚಿ ಒಡ್ಡಿಗೆ ಒಯ್ದ ಇಟ್ಟ ಬಾ."

"ಆಯಿ, ಒಣಗಿದ ಜಾಲಿರಿ ಅದು, ಕಬ್ಬಿಣ ಆಗೈತಿ. ಬೆಣೆ ಬಡಕೋತ ಕುಂತರ ದಿನಕ್ಕ ಒಂದ ಕೊರಡ ಆದೀತು. ಕೊಡ್ಲಿಲೆ ಒಂದೂವರಿ ದಿನದ ಕೆಲಸ."

"ನನಗೇನ ಗಡಿಬಿಡಿ ಇಲ್ಲ. ಕಟಗಿ ಆಗೂತನ ನಾ ನೀರ ಬಿಡಂಗಿಲ್ಲ. ನೀರ ಬಿಟ್ಟ ಮ್ಯಾಲ ಎಚ್ಚರ ಇರತೈತೋ ಇಲ್ಲೋ. ಎಚ್ಚರ ಇದ್ದಾಗನ ಎಲ್ಲಾ ಕೈಲೆ ಮುಟ್ಟಿ ನೋಡತೀನಿ, ಆಮ್ಯಾಲ ಬಿಡತೀನಿ."

"ಇಂಥಾ ನೇಮ ಶಾಸ್ತ್ರದಾಗ ಎಲ್ಲೂ ಇಲ್ಲ, ತಾರಾಬಾಯಿ," ಎಂದರು ಉಪಾಧ್ಯೆ.

"ಶಾಸ್ತ್ರದಾಗ ಇಲ್ಲರಿ. ನನ್ನ ಮನಸಿನ್ಯಾಗ ಐತಿ."

ಮರುದಿನ ಮುಂಜಾನೆ ಕೊರಡುಗಳನ್ನು ಒಡ್ಡಿನಿಂದ ತಂದು ಹಿತ್ತಲಲ್ಲಿ ಮೊದಲನೆಯದಕ್ಕೆ ಕೂತೆ. ನಾಲ್ಕು ಕಬ್ಬಿಣದ ಬೆಣೆ, ಎರಡು ಜಾಲಿಯ ಬೆಣೆ, ಒಂದು ಘಣ. ಘಣವೆಂದರೆ ಎರಡೂ ಕೈಯಿಂದ ಎತ್ತಿ ಬಡಿಯುವ ದೊಡ್ಡ ಸುತ್ತಿಗೆ. ತುದಿಯ ಬಿರುಕು ಹುಡುಕಿ ಮೊದಲ ಬೆಣೆ ನಿಲ್ಲಿಸಿ ನಾಲ್ಕು ಏಟು ಹಾಕಿದೆ. ಬಿರುಕು ಬೆರಳಗಲ ತೆರೆಯಿತು. ಅದರ ಮುಂದೆ ಎರಡನೆಯದು, ಅದರ ಮುಂದೆ ಮೂರನೆಯದು. ಕೊರಡು ಕಿರ್ ಕಿರ್ ಎನ್ನುತ್ತ ಉದ್ದಕ್ಕೆ ಬಾಯಿ ಬಿಡುತ್ತಿತ್ತು. ಮೊದಲು ಹೊಡೆದ ಬೆಣೆ ತಾನಾಗಿಯೇ ಸಡಿಲವಾಗುತ್ತಿತ್ತು, ಅದನ್ನು ಕಿತ್ತು ಮತ್ತೆ ಮುಂದಕ್ಕೆ ಹೊಡೆಯುವುದು. ಕೊಡಲಿಯ ಕೆಲಸದಲ್ಲಿ ಈ ಸುಖವಿಲ್ಲ ಎಂದು ಅನಿಸಿತು. ಮಧ್ಯಾಹ್ನದ ಹೊತ್ತಿಗೆ ಅದು ಎರಡು ಹೋಳಾಯಿತು. ನೋಡುತ್ತೇನೆ, ತೊಗಟೆಯ ಕೆಳಗಿನ ಬಿಳಿ ಭಾಗದಲ್ಲಿ ಹಿಟ್ಟು ತುಂಬಿದ ದಾರಿಗಳು, ದಾರಿಯ ಕೊನೆಗೆ ಬೆಳ್ಳಗೆ, ಬೆರಳುದ್ದದ ಹುಳಗಳು. ಐದು ಇದ್ದವು.

ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು ಆಯಿಗೆ ತೋರಿಸಿದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು.

"ನೋಡಿದಿ? ಕೊಡ್ಲಿ ಹಾಕಿದ್ದರ ಇದು ಸಾಯತಿತ್ತು. ಒಯ್ದ ಬಿಡ," ಎಂದಳು. ಆಮೇಲೆ ಮಗನ ಕಡೆ ತಿರುಗಿ, "ನೇಮೂ, ಇವತ್ತ ನೀರ ತರಪಾ," ಎಂದಳು.

ನೇಮಿನಾಥ ಚಮಚೆ ಹಿಡಿದು ನೀರು ಕುಡಿಸಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಗ ನನ್ನ ತಲೆಯಲ್ಲಿ ಆ ಹಾಳು ವಿಚಾರ ಹೊಕ್ಕಿತು. ಹುಳ ಬಂದದ್ದಕ್ಕೆ ಇವತ್ತು ಇವಳು ನೀರು ಕುಡಿದಳು. ನಾಳೆಯೂ ಹುಳ ಬಂದರೆ ನಾಳೆಯೂ ಕುಡಿಯುತ್ತಾಳೆ. ಹುಳ ಇರುವ ತನಕ ಇವಳು ಇರುತ್ತಾಳೆ!

ಐದೂ ಹುಳಗಳನ್ನು ಕಟ್ಟಿಗೆಯ ಹಿಟ್ಟಿನ ಸಮೇತ ನನ್ನ ತಂಬಾಕಿನ ಡಬ್ಬಿಗೆ ಹಾಕಿಕೊಂಡೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದೆ. ಜೀವ ಉಳಿಯಬೇಕಲ್ಲ.

ಎರಡನೇ ದಿನದ ಕೊರಡು ಸ್ವಚ್ಛವಾಗಿತ್ತು. ಒಳಗೆಲ್ಲ ಕೆಂಪು ತಿರುಳು, ಒಂದು ತೂತಿಲ್ಲ. ಅಂಥ ಕಟ್ಟಿಗೆಯನ್ನು ನೋಡಿದರೆ ಬೇರೆ ದಿನ ಕೈಯಿಂದ ಸವರಿ ಖುಷಿಪಡುವವನು ನಾನು. ಅವತ್ತು ಆಚೆ ಈಚೆ ನೋಡಿ ಎರಡೂ ಹೋಳನ್ನು ಮೊದಲಿದ್ದ ಹಾಗೆ ಜೋಡಿಸಿ, ಹಗ್ಗದಿಂದ ಬಿಗಿದು, ಡಬ್ಬಿಯಿಂದ ಒಂದು ಹುಳ ತೆಗೆದುಕೊಂಡು ಒಳಗೆ ಹೋದೆ.

"ಆಯಿ, ಇದರಾಗೂ ಹುಳ ಅದಾವರಿ."

"ಇದರಾಗೂ?"

"ಹೂಂರಿ."

"ಆತು, ಒಯ್ದ ಬಿಡ. ನಾಳೆ ಇನ್ನೊಂದ ನೋಡ."

ಸಂಜೆ ಕೊರಡನ್ನು ಬಂಡಿಯಲ್ಲಿ ಹೇರಿ ಬಾವಿಯ ಒಡ್ಡಿಗೆ ಒಯ್ದು ಇಟ್ಟೆ. ಹುಳವನ್ನು ಡಬ್ಬಿಗೆ ಹಾಕಿಕೊಂಡೆ. ಮೂರನೇ ದಿನ ಹಾಗೆಯೇ, ನಾಲ್ಕನೇ ದಿನವೂ ಹಾಗೆಯೇ. ಕೊರಡು ಬಿಚ್ಚುವುದು, ಮುಚ್ಚುವುದು, ಕಟ್ಟುವುದು, ಹುಳ ಹಿಡಿದು ಮಂಚದ ಹತ್ತಿರ ಹೋಗಿ ಸುಳ್ಳು ಹೇಳುವುದು. ನನಗೆ ಒಂದು ಚೂರೂ ನಾಚಿಕೆ ಅನಿಸಲಿಲ್ಲ. ಸಾವನ್ನು ಹಿತ್ತಲಲ್ಲೇ ತಡೆದು ನಿಲ್ಲಿಸಿದ್ದೇನೆ ಎಂದು ಎದೆ ಉಬ್ಬಿಸಿಕೊಂಡು ತಿರುಗಿದೆ.

ಐದನೇ ದಿನ ಡಬ್ಬಿ ತೆಗೆದರೆ ಎರಡು ಹುಳ ಸತ್ತಿದ್ದವು. ನನ್ನ ಹೆಂಡತಿ ಗಿರಿಜವ್ವ ಹಿಂದೆಯೇ ನಿಂತಿದ್ದಳು. ಅವಳು ಆಯಿಯ ಮೈ ಒರೆಸಲು, ಹಾಸಿಗೆ ಬದಲಿಸಲು ದಿನಾ ಆ ಮನೆಗೆ ಹೋಗುತ್ತಿದ್ದಳು.

"ಏನದು ಡಬ್ಬ್ಯಾಗ?" ಎಂದಳು. ಹೇಳಿದೆ. ಅವಳು ಹಣೆ ಹಣೆ ಬಡಿದುಕೊಂಡಳು. "ಮನಷ್ಯಾನೋ ಏನೋ ನೀನು? ಆಕೀಗೆ ಒಂದ ಚಮಚೆ ನೀರ ನುಂಗಾಕ ಎಷ್ಟ ತ್ರಾಸ ಆಗತೈತಿ ನೋಡೀಯೇನ? ಅರ್ಧ ನೀರ ಮೂಗಿನ್ಯಾಗ ಬರತೈತಿ. ಕಣ್ಣ ಮ್ಯಾಲ ಹೊಳ್ಳತಾವ. ದಿನಾ ಆ ನೀರ ಬಂದ ಕೂಡ್ಲೆ ಆಕಿ ಹೆದರತಾಳ, ಹೆದರತಾಳ ಅಂತೀನಿ! ನೀ ಹುಳ ತೋರಿಸಿ ಹೊರಗ ಬಂದಬಿಡತೀ. ಒಳಗ ನಿಂತ ನೋಡವರು ನಾವು."

"ಬಾಯಿ ಮುಚ್ಚ. ನಿನಗೇನ ತಿಳೀತೈತಿ?"

"ನನಗ ತಿಳಿಯೂದಿಲ್ಲ. ಆಕೀಗೆ ತಿಳೀತೈತಿ ಹೆಂಗ ಸಾಯಬೇಕಂತ. ಅದನ್ನರ ಮಾಡಿಕೊಡ."

ನಾನು ಘಣ ತೆಗೆದುಕೊಂಡು ಎದ್ದು ಹೋದೆ. ಹೆಂಗಸರ ಮಾತು ಎಂದು ಅವತ್ತು ತಳ್ಳಿಹಾಕಿದ ನನ್ನ ತಲೆಗೆ ಇವತ್ತು ಏನು ಹೊಡೆದುಕೊಂಡರೂ ಕಡಿಮೆ.

ಎಂಟನೇ ದಿನ ಮಳೆ ಮೋಡ ಕವಿದಿತ್ತು. ಡಬ್ಬಿಯಲ್ಲಿ ಉಳಿದದ್ದು ಒಂದೇ ಹುಳ. ಅದನ್ನು ಹಿಡಿದು ಒಳಗೆ ಹೋದಾಗ ಆಯಿ ಅದನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು. ಮುಖದಲ್ಲಿ ಮಾಂಸವೇ ಉಳಿದಿರಲಿಲ್ಲ, ಕಣ್ಣು ಮಾತ್ರ ದೊಡ್ಡವಾಗಿದ್ದವು.

"ಸಿದ್ಯಾ."

"ಆಯಿ."

"ಎಂಟ ಕೊರಡ ಆದವು. ಎಂಟರಾಗೂ ಹುಳ." ಉಸಿರು ಎಳೆದುಕೊಂಡಳು. "ನಾ ಏನ ಪಾಪ ಮಾಡೀನಿ? ನೆನಸಿ ನೆನಸಿ ನೋಡಾಕತ್ತೀನಿ, ನೆನಪ ಆಗವಲ್ದು. ಸುಡಾಕ ಒಂದ ಸ್ವಚ್ಛ ಕಟಗಿ ಸಿಗದಂಥಾ ಕರ್ಮ ಏನ ಮಾಡಿದ್ನೋ ನಾನು."

ಎಪ್ಪತ್ತಾರು ವರ್ಷ ಇರುವೆಗೂ ದಾರಿ ಬಿಟ್ಟು ನಡೆದವಳು ತಾನು ಪಾಪಿ ಎಂದು ನಂಬಿ ಮಲಗಿದ್ದಳು, ಅದೂ ನನ್ನ ಮಾತು ಕೇಳಿ. ಆಗಲೇ ಹೇಳಬೇಕಿತ್ತು. ಕಾಲಿಗೆ ಬಿದ್ದು, ಆಯಿ, ಕಟ್ಟಿಗೆ ಎಲ್ಲ ಬಂಗಾರದ ಹಾಗಿದೆ, ನಾನೇ ಸುಳ್ಳ, ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಇವತ್ತೇ ನೀರು ಬಿಡುತ್ತಾಳೆ ಎಂದೂ ಅನಿಸಿತು.

"ಇನ್ನ ಮೂರ ಅದಾವಲ್ರಿ ಆಯಿ. ನೋಡೂಣು," ಎಂದೆ.

ಇನ್ನೊಂದು ದಿನ. ಒಂದೇ ಒಂದು ದಿನ ಸಿಕ್ಕರೆ ಸಾಕು, ನಾಳೆ ಹೇಳುತ್ತೇನೆ ಎಂದುಕೊಂಡು ಮನೆಗೆ ಹೋದೆ. ಉಂಡೆ, ಮಲಗಿದೆ. ನಿದ್ದೆಯೂ ಬಂತು. ಅದನ್ನು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮರುದಿನ ಒಂಬತ್ತನೇ ಕೊರಡಿಗೆ ಎರಡನೇ ಬೆಣೆ ಹೊಡೆಯುತ್ತಿದ್ದೆ. ಮಧ್ಯಾಹ್ನದ ಹೊತ್ತು. ಒಳಗಿನಿಂದ ಕೆಮ್ಮು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ, ಆಮೇಲೆ ಅದು ಕೆಮ್ಮೂ ಅಲ್ಲ, ಗೊರ ಗೊರ ಸದ್ದು. ಗಿರಿಜವ್ವ ಚೀರಿದಳು. ಘಣ ಬಿಟ್ಟು ಓಡಿದೆ. ನೇಮಿನಾಥ ಆಯಿಯನ್ನು ಎತ್ತಿ ಕೂರಿಸಿ ಬೆನ್ನು ತಟ್ಟುತ್ತಿದ್ದ. ನೀರು ಗಂಟಲಲ್ಲಿ ಅಡ್ಡ ಹೋಗಿತ್ತು. ಅವಳ ಕೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹುಡುಕುತ್ತಿತ್ತು, ಮುಖ ಕಪ್ಪಿಟ್ಟಿತ್ತು. ಉಪಾಧ್ಯೆಯವರನ್ನು ಕರೆತರಲು ಯಾರೋ ಓಡಿದರು. ನೇಮಿನಾಥ ಣಮೋಕಾರ ಮಂತ್ರ ಹೇಳಲು ಶುರು ಮಾಡಿದ, ಎರಡು ಸಾಲು ದಾಟುವ ಮೊದಲೇ ಅವಳ ಕುತ್ತಿಗೆ ಅವನ ತೋಳಿನ ಮೇಲೆ ಬಿತ್ತು.

ಕ್ಷಮೆ ಕೇಳುವುದು ಆಗಲಿಲ್ಲ. ನೀರು ಬಿಡುವ ವ್ರತ ಆಗಲಿಲ್ಲ. ಸಮಾಧಾನದಿಂದ ಸಾಯಬೇಕೆಂದು ಎರಡು ತಿಂಗಳು ತನ್ನನ್ನು ತಯಾರು ಮಾಡಿಕೊಂಡವಳು ಉಸಿರಿಗೆ ಒದ್ದಾಡಿ, ಹೆದರಿ, ಕಣ್ಣು ಬಿಟ್ಟುಕೊಂಡೇ ಸತ್ತಳು. ಉಪಾಧ್ಯೆಯವರು ಬಂದು ನೋಡಿ, ಕೂತು ಕಣ್ಣೊರೆಸಿಕೊಂಡರು.

ಹೊತ್ತು ಮುಳುಗುವ ಮೊದಲು ಸುಡಬೇಕು. "ಕಟಗಿ?" ಎಂದು ನೆಂಟರಲ್ಲಿ ಯಾರೋ ಕೇಳಿದರು. "ಸ್ವಚ್ಛ ಕಟಗಿ ಸಿಕ್ಕಿಲ್ಲಂತಲ್ಲ, ಕಟಗಿ ಮಾರೂ ವಖಾರಿಗೆ ಗಾಡಿ ಕಳಸೂಣೇನು?"

"ಬ್ಯಾಡ್ರಿ. ನಾ ತರತೀನಿ," ಎಂದೆ.

ಒಡ್ಡಿಗೆ ಹೋಗಿ ಹುಳ ಹಿಡಿದಿದ್ದ ಮೊದಲ ಕೊರಡೊಂದನ್ನು ಬಿಟ್ಟು ಉಳಿದ ಏಳನ್ನೂ ಬಂಡಿಗೆ ಹೇರಿದೆ. ಸುಡುಗಾಡಿನಲ್ಲಿ ಹಗ್ಗ ಬಿಚ್ಚಿದರೆ ಹೋಳುಗಳು ತಾವಾಗಿಯೇ ಅತ್ತಿತ್ತ ಬಿದ್ದವು. ಬೆಣೆ ಹಚ್ಚಿ ಅವನ್ನು ಇನ್ನಷ್ಟು ಸೀಳಿದೆ. ಒಂದೊಂದನ್ನೂ ತಿರುಗಿಸಿ ನೋಡಿದೆ, ಬೆರಳಿನಿಂದ ತಡವಿದೆ. ಒಂದು ಹುಳ ಇಲ್ಲ, ಒಂದು ಇರುವೆ ಇಲ್ಲ. ನಾನು ಮೂವತ್ತು ವರ್ಷದಲ್ಲಿ ಸೀಳಿದ ಎಲ್ಲಕ್ಕಿಂತ ಚಂದದ ಕಟ್ಟಿಗೆ ಅದು. ಅವಳು ಕೈಯಿಂದ ಮುಟ್ಟಿ ನೋಡುತ್ತೇನೆ ಎಂದಿದ್ದಳಲ್ಲ, ಅವಳನ್ನು ಅದರ ಮೇಲೆ ಮಲಗಿಸುವಾಗ ಅವಳ ಕೈ ನಾನೇ ಎತ್ತಿ ಇಟ್ಟೆ. ಕೈ ಸೆಟೆದಿತ್ತು.

ಬೆಂಕಿ ಚೆನ್ನಾಗಿ ಹತ್ತಿತು. ಪಕ್ಕದಲ್ಲಿ ನಿಂತಿದ್ದ ಆಬಾಸಾಹೇಬ ಎಂಬ ನೆಂಟ ನನ್ನ ಹೆಗಲು ತಟ್ಟಿ, "ಎಂಥಾ ಕಟಗಿ ಹುಡುಕಿ ತಂದೀಪಾ, ಹೊಗಿನ ಇಲ್ಲ. ಮುದುಕಿ ಪುಣ್ಯವಂತಿ," ಎಂದ. ನಾನು ಅವನ ಕೈ ಕಿತ್ತೆಸೆದು ದೂರ ಹೋಗಿ ನಿಂತೆ.

ಜನ ಒಬ್ಬೊಬ್ಬರಾಗಿ ಹೋದರು. ಕಡೆಗೆ ನೇಮಿನಾಥ, ನಾನು ಇಬ್ಬರೇ ಉಳಿದೆವು. ಅವನು ಬೆಂಕಿಗೆ ಎದುರಾಗಿ ನೆಲದ ಮೇಲೆ ಕೂತಿದ್ದ. ಇನ್ನು ಎದೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಹೋಗಿ ಅವನ ಕಾಲ ಹತ್ತಿರ ಕುಸಿದೆ.

"ದಾದಾ, ಈ ಕಟಗಿ ಮೊದಲಿಂದನೂ ಸ್ವಚ್ಛ ಇತ್ತು. ಮೊದಲನೇದ ಒಂದರಾಗ ಅಷ್ಟ ಹುಳ ಇದ್ದವು. ಉಳಕಿದ್ದೆಲ್ಲಾ ನಾ ಸುಳ್ಳ ಹೇಳಿದ್ನಿ. ಆಕಿ ಇನ್ನಷ್ಟ ದಿನ ಇರಲಿ ಅಂತ ಮಾಡಿದ್ನಿ. ಆಯೀನ ನಾ ಕೊಂದ್ನಿ, ದಾದಾ. ಹೊಡಿ, ಬಡಿ, ಏನರ ಮಾಡ."

ಅವನು ತಿರುಗಲಿಲ್ಲ.

"ಗೊತ್ತೈತಿ," ಎಂದ.

"ಏನ ಗೊತ್ತೈತಿ?"

"ನಾಕನೇ ದಿನ ಒಡ್ಡಿಗೆ ಹೋಗಿದ್ನಿ. ನೀ ಕಟ್ಟಿ ಇಟ್ಟಿದ್ದ ಕೊರಡ ಬಿಚ್ಚಿ ನೋಡಿದ್ನಿ. ಮತ್ತ ಹಂಗ ಕಟ್ಟಿ ಇಟ್ಟ ಬಂದ್ನಿ."

ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ಅವನ ಮೊಣಕಾಲಿನ ಮೇಲೆ ಕೈ ಇಟ್ಟೆ. ಅವನು ಅದನ್ನು ತೆಗೆದು ನೆಲದ ಮೇಲಿಟ್ಟ.

"ಇವತ್ತ ಆಕಿ ನೀರ ಬ್ಯಾಡ ಅಂತ ಕೈ ಮಾಡಿದ್ದಳು ಸಿದ್ಯಾ," ಎಂದ. "ಕಟಗಿ ಇನ್ನೂ ಆಗಿಲ್ಲಬೇ ಅಂತ ಹೇಳಿ, ಬಾಯಿ ತಗಸಿ ನಾನ ಹಾಕಿದ್ನಿ."